ಗುಂಪಿನಲ್ಲೇ ಇದ್ದಾನೆಂದುಕೊಂಡರು

(ಪವಿತ್ರ ಕುಟುಂಬದ ಹಬ್ಬದಂದು ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ಗೋದಲಿ ಹಾಗೆಯೇ ಇದೆ. ಬಾಗಿಲಿಗೆ ತೂಗುಹಾಕಿದ ನಕ್ಷತ್ರ ಇನ್ನೂ ರಾತ್ರಿಯಲ್ಲಿ ಬೆಳಗುತ್ತಿದೆ. ಡಬ್ಬದ ತಳದಲ್ಲಿ ನಾಲ್ಕು ಕಜ್ಜಾಯಗಳು ಉಳಿದಿರಲೂಬಹುದು. ಈ ಸಂತೋಷದ ನಡುವೆಯೇ ಧರ್ಮಸಭೆ ನಮ್ಮ ಮುಂದೆ ಪವಿತ್ರ ಕುಟುಂಬವನ್ನು ನಿಲ್ಲಿಸುತ್ತದೆ. ಯೇಸು, ಮರಿಯ, ಜೋಸೆಫರ ಚಿತ್ರಪಟ ನಮ್ಮೆಲ್ಲರ ಮನೆಗಳಲ್ಲೂ ಇದೆ. ಆ ಪಟದಲ್ಲಿ ಮೂವರ ಮುಖವೂ ಶಾಂತವಾಗಿರುತ್ತದೆ. ಆದರೆ ಇಂದಿನ ಶುಭಸಂದೇಶದಲ್ಲಿ ನಾವು ಕೇಳಿದ ಕುಟುಂಬ ಶಾಂತವಾಗಿಲ್ಲ. ಅದು ಮಗನನ್ನು ಕಳೆದುಕೊಂಡು ಬೀದಿ ಬೀದಿ ಅಲೆಯುತ್ತಿರುವ ಕುಟುಂಬ.

ಸಂತ ಲೂಕರು ಹೇಳುವುದನ್ನು ಗಮನವಿಟ್ಟು ನೋಡಿ. ಪಾಸ್ಕ ಹಬ್ಬ ಮುಗಿಯಿತು. ಊರಿನವರೆಲ್ಲ ಒಟ್ಟಾಗಿ ಹೊರಟರು. ಹನ್ನೆರಡು ವರ್ಷದ ಬಾಲಕ ಯೇಸು ಜೆರುಸಲೇಮಿನಲ್ಲೇ ಉಳಿದರು. ತಂದೆತಾಯಿಗೆ ಅದು ಗೊತ್ತಾಗಲಿಲ್ಲ. ಜೊತೆಯವರ ಗುಂಪಿನಲ್ಲೇ ಎಲ್ಲೋ ಇದ್ದಾನೆಂದು ಭಾವಿಸಿ ಅವರು ಒಂದು ದಿನದ ದಾರಿ ನಡೆದುಬಿಟ್ಟರು. ಆಮೇಲೆ ನೆಂಟರಲ್ಲಿ, ಪರಿಚಯದವರಲ್ಲಿ ಹುಡುಕಿದರು. ಸಿಗಲಿಲ್ಲ. ಹಿಂದಿರುಗಿದರು. ಮೂರು ದಿನಗಳ ನಂತರ ದೇವಾಲಯದಲ್ಲಿ ಅವರನ್ನು ಕಂಡರು.

ಒಂದು ಇಡೀ ದಿನದ ದಾರಿ! ಇಡೀ ಊರು ನಡೆಯುತ್ತಿದೆ, ಮಾತನಾಡುತ್ತಿದೆ, ಕೀರ್ತನೆ ಹಾಡುತ್ತಿದೆ. ಒಂದು ಮಗು ಇಲ್ಲ ಎನ್ನುವುದು ಒಬ್ಬರಿಗೂ ತಿಳಿದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಹೀಗೆ ನಮ್ಮ ಗುಂಪಿನಿಂದ ಕಾಣೆಯಾದ ಮಕ್ಕಳ ಬಗ್ಗೆ, ಅವರ ಕುಟುಂಬಗಳ ಬಗ್ಗೆ. ಅದರಲ್ಲೂ ಆಟಿಸಂ ಇರುವ ಮಕ್ಕಳ ಮತ್ತು ದೊಡ್ಡವರ ಬಗ್ಗೆ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ನಿವೇದಿಸಬೇಕು.

ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆ. ದೇವಾಲಯ ಕಿಕ್ಕಿರಿದಿತ್ತು. ಹೊಸದಾಗಿ ತಂದ ಮೈಕು ಆಗಾಗ ಕೀರಲು ಸದ್ದು ಮಾಡುತ್ತಿತ್ತು. ಹೊರಗೆ ಹುಡುಗರು ಪಟಾಕಿ ಹಚ್ಚುತ್ತಿದ್ದರು. ನಾನು ಬಹಳ ದಿನಗಳಿಂದ ಸಿದ್ಧಪಡಿಸಿದ್ದ ಪ್ರಬೋಧನೆಯನ್ನು ಆರಂಭಿಸಿದ್ದೆ. ನಡುವಿನ ಸಾಲಿನಲ್ಲಿ ಎಂಟು ವರ್ಷದ ಒಬ್ಬ ಹುಡುಗ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ಒಂದೇ ಸಮನೆ ಕೂಗತೊಡಗಿದ. ತಾಯಿ ಸಮಾಧಾನಪಡಿಸಲು ಯತ್ನಿಸಿದಳು. ಕೂಗು ಹೆಚ್ಚಾಯಿತು. ಜನ ತಿರುಗಿ ನೋಡಿದರು. ನಾನು ಮಾತು ನಿಲ್ಲಿಸಿದೆ. ಅದೇ ಮೈಕಿನಲ್ಲಿ, ಸುಮ್ಮನಿರಲಾರದ ಮಕ್ಕಳನ್ನು ದಯವಿಟ್ಟು ಹೊರಗೆ ಕರೆದುಕೊಂಡು ಹೋಗಿ ಎಂದೆ. ತಾಯಿ ಮಗನನ್ನು ಎಳೆದುಕೊಂಡು ಹೊರಟಳು. ತಂದೆ ತಲೆ ತಗ್ಗಿಸಿ ಹಿಂದೆ ನಡೆದ. ಅವರ ಚಿಕ್ಕ ಮಗಳು ಎಲ್ಲರಿಗಿಂತ ಹಿಂದೆ. ಬೆತ್ಲೆಹೇಮಿನಲ್ಲಿ ಪವಿತ್ರ ಕುಟುಂಬಕ್ಕೆ ಸ್ಥಳ ಸಿಗಲಿಲ್ಲವೆಂದು ಮರುಕಪಡುತ್ತಾ ನಾನು ಪ್ರಬೋಧನೆಯನ್ನು ಮುಂದುವರಿಸಿದೆ!

ಆ ಕುಟುಂಬ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನನಗೆ ಅದು ಗೊತ್ತೇ ಆಗಲಿಲ್ಲ. ಗುಂಪಿನಲ್ಲೇ ಎಲ್ಲೋ ಇದ್ದಾರೆಂದುಕೊಂಡೆ. ಎಂಟು ತಿಂಗಳ ನಂತರ ಅವರ ಮನೆಯ ಅಜ್ಜಿಗೆ ಕಾಯಿಲೆ ಜೋರಾಗಿ, ವ್ಯಾಧಿಸ್ಥರ ಅಭ್ಯಂಗ ನೀಡಲು ಹೋದೆ. ಹೊರಡುವಾಗ ಆ ತಾಯಿಯನ್ನು ಕೇಳಿದೆ, "ಏನಮ್ಮಾ, ಪೂಜೆಗೆ ಕಾಣ್ತಿಲ್ಲವಲ್ಲ?" ಆಕೆ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದಳು: "ಫಾದರ್, ಅವತ್ತು ನೀವು ಹೊರಗೆ ಕರ್ಕೊಂಡು ಹೋಗಿ ಅಂದ್ರಿ. ಹೋದ್ವಿ. ವಾಪಸ್ ಬನ್ನಿ ಅಂತ ಯಾರೂ ಹೇಳ್ಲಿಲ್ಲ."

ಆಮೇಲೆ ಆಕೆ ಹೇಳಿದ ಇನ್ನೊಂದು ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆ ಹುಡುಗನಿಗೆ ಮಾತು ಬರುವುದಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ದೇವಾಲಯದ ಗಂಟೆ ಕೇಳಿಸಿದೊಡನೆ ಅವನು ತನ್ನ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದನಂತೆ. ಎರಡನೆಯ ಗಂಟೆಯಾಗುತ್ತಿತ್ತು, ಮೂರನೆಯದೂ ಆಗುತ್ತಿತ್ತು. ಯಾರೂ ಹೊರಡದೇ ಇದ್ದಾಗ ಅಳುತ್ತಿದ್ದನಂತೆ. ಎಂಟು ತಿಂಗಳು, ಪ್ರತಿ ಭಾನುವಾರ! ಅವನಿಗೆ ಪೂಜೆಯ ಬೆಲೆ ತಿಳಿಯದೆಂದು ನಾನು ಭಾವಿಸಿದ್ದೆ. ತಿಳಿಯದೇ ಹೋಗಿದ್ದು ನನಗೆ.

ಪ್ರಿಯರೇ, ಆ ದಿನದಿಂದ ನಾನು ಈ ವಿಷಯವನ್ನು ಓದತೊಡಗಿದೆ, ಬಲ್ಲವರನ್ನು ಕೇಳತೊಡಗಿದೆ. ನಾನು ಕಲಿತದ್ದರಲ್ಲಿ ಸ್ವಲ್ಪವನ್ನು ನಿಮಗೆ ಹೇಳುತ್ತೇನೆ.

ಆಟಿಸಂ ಎನ್ನುವುದು ಅಂಟುರೋಗವಲ್ಲ, ಹುಚ್ಚಲ್ಲ, ಹಟವಲ್ಲ. ಅದು ಹುಟ್ಟಿನಿಂದಲೇ ಮಿದುಳು ಬೇರೆ ರೀತಿಯಲ್ಲಿ ಬೆಳೆಯುವ ಒಂದು ಸ್ಥಿತಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡಾ. ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಹನ್ನೊಂದು ಮಕ್ಕಳನ್ನು ಗಮನಿಸಿ ಇದರ ಬಗ್ಗೆ ಬರೆದರು. ಈ ಸ್ಥಿತಿ ಇರುವವರೆಲ್ಲ ಒಂದೇ ರೀತಿ ಇರುವುದಿಲ್ಲ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಕೆಲವರು ಚೆನ್ನಾಗಿ ಮಾತನಾಡುತ್ತಾರೆ, ದೊಡ್ಡ ಪದವಿಗಳನ್ನೂ ಪಡೆಯುತ್ತಾರೆ. ಆದರೆ ಎದುರಿನವರ ಮುಖದ ಭಾವ, ಮಾತಿನ ಒಳ ಅರ್ಥ, ತಮಾಷೆ ಇವು ಅವರಿಗೆ ಬೇಗ ಹೊಳೆಯದಿರಬಹುದು. ನಮಗೆ ಸಾಮಾನ್ಯವಾಗಿ ಕೇಳುವ ಸದ್ದು ಅವರಿಗೆ ಕಿವಿಯೊಳಗೆ ಮೊಳೆ ಹೊಡೆದಂತೆ ಆಗಬಹುದು. ಟ್ಯೂಬ್‌ಲೈಟಿನ ಮಿಣುಕು, ಹೊಸ ಬಟ್ಟೆಯ ಒರಟು, ಧೂಪದ ವಾಸನೆ, ಯಾರೋ ಪ್ರೀತಿಯಿಂದ ಕೆನ್ನೆ ಹಿಂಡುವುದು, ಇವು ಸಹಿಸಲಾಗದ ಹಿಂಸೆಯಾಗಬಹುದು. ಎಲ್ಲವೂ ಒಂದೇ ಸಲ ಮೇಲೆ ಬಿದ್ದಾಗ ಆ ಮಗು ಕೂಗುತ್ತದೆ, ಓಡುತ್ತದೆ. ಅದು ರಂಪವಲ್ಲ, ನೋವು. ನಡುರಾತ್ರಿಯ ಆ ಹುಡುಗ ನನ್ನ ಪ್ರಬೋಧನೆಗೆ ಅಡ್ಡಿ ಮಾಡುತ್ತಿರಲಿಲ್ಲ. ಕೀರುವ ಮೈಕು, ಪಟಾಕಿ, ಜನಜಂಗುಳಿ ಅವನಿಗೆ ಕೊಡುತ್ತಿದ್ದ ನೋವನ್ನು ತನಗೆ ತಿಳಿದ ಒಂದೇ ಭಾಷೆಯಲ್ಲಿ ಹೇಳುತ್ತಿದ್ದ.

ಇನ್ನು ಇಂಥವರನ್ನೂ ಅವರ ಮನೆಯವರನ್ನೂ ನಾವು ಯಾವ ಯಾವ ಮಾತುಗಳಿಂದ ಹೊರಗಿಡುತ್ತೇವೆ ಎನ್ನುವುದನ್ನು ನೋಡೋಣ. ಮೂರು ಮಾತುಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ಮೊದಲನೆಯ ಮಾತು: "ಇದು ತಂದೆತಾಯಿಯ ತಪ್ಪು." ಹಳೆಯ ಕಾಲದವರು ಪಾಪ, ಶಾಪ, ದೃಷ್ಟಿ, ಗಾಳಿ ಸೋಕಿದ್ದು ಎನ್ನುತ್ತಿದ್ದರು. ಓದಿದವರು ಇದನ್ನೇ ಬೇರೆ ಪದಗಳಲ್ಲಿ ಹೇಳಿದರು. ತಾಯಂದಿರಲ್ಲಿ ಮಮತೆ ಇಲ್ಲ, ಅವರ ಹೃದಯ ತಣ್ಣಗಿನ ರೆಫ್ರಿಜರೇಟರಿನಂತಿದೆ, ಅದಕ್ಕೇ ಮಗು ಹೀಗಾಯಿತು ಎಂದು 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ಪಂಡಿತರೇ ವಾದಿಸಿದರು. ಬ್ರೂನೋ ಬೆಟಲ್‌ಹೈಮ್ ಎಂಬುವರು 1967ರಲ್ಲಿ ಈ ವಾದಕ್ಕೆ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಎಷ್ಟು ತಾಯಂದಿರು ಈ ಆರೋಪವನ್ನು ಹೊತ್ತು ಕಣ್ಣೀರಿಟ್ಟರೋ ದೇವರೇ ಬಲ್ಲರು. ಆದರೆ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಃಶಾಸ್ತ್ರಜ್ಞರು, ಸ್ವತಃ ಇಂಥ ಮಗುವಿನ ತಂದೆ, 1964ರಲ್ಲೇ ಈ ವಾದಕ್ಕೆ ಆಧಾರವಿಲ್ಲ, ಕಾರಣ ಶರೀರದಲ್ಲಿದೆ ಎಂದು ತೋರಿಸಲು ಮುಂದಾದರು. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನ ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿತು. ಮುಂದೆ 1998ರಲ್ಲಿ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಅನುಮಾನ ಹುಟ್ಟಿಸಿದ ಲೇಖನವೊಂದು ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಆ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತು. ಲೇಖನ ಹೋಯಿತು, ಅನುಮಾನ ಮಾತ್ರ ಕೆಲವರ ಮನಸ್ಸಿನಲ್ಲಿ ಉಳಿಯಿತು. ಲಸಿಕೆ ಹಾಕಿಸಿದ್ದೇ ತನ್ನ ತಪ್ಪೇನೋ ಎಂದು ಕೊರಗುವ ತಾಯಂದಿರನ್ನು ನಾನು ಕಂಡಿದ್ದೇನೆ.

ಈ ಪ್ರಶ್ನೆಯನ್ನು ಯೇಸುಸ್ವಾಮಿಯ ಮುಂದೆ ಶಿಷ್ಯರೇ ಇಟ್ಟಿದ್ದರು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಯದೋ ಎಂದು ಅವರು ಕೇಳುತ್ತಾರೆ. ಎರಡೂ ಅಲ್ಲ ಎನ್ನುತ್ತಾರೆ ಪ್ರಭು. ಇದಕ್ಕಿಂತ ಸ್ಪಷ್ಟವಾದ ಉತ್ತರ ನಮಗೆ ಬೇಕೇ? ಆದರೂ ನಮ್ಮಲ್ಲಿ ಕೆಲವರು ಇಂಥ ಮನೆಗೆ ಹೋಗಿ, ಯಾವುದಾದರೂ ಹರಕೆ ಮರೆತಿದ್ದೀರಾ ಎಂದು ಕೇಳುತ್ತಾರೆ. ಮಗುವಿಗೆ ದುರಾತ್ಮ ಹಿಡಿದಿದೆ, ವಿಶ್ವಾಸ ಸಾಲದ್ದರಿಂದ ಗುಣವಾಗುತ್ತಿಲ್ಲ ಎನ್ನುವವರೂ ಇದ್ದಾರೆ. ಸಹೋದರರೇ, ಒಬ್ಬ ಗುರುವಾಗಿ ಖಂಡಿತವಾಗಿ ಹೇಳುತ್ತೇನೆ: ಹೀಗೆ ಹೇಳಬೇಡಿ. ಮಗುವಿಗಾಗಿ ಪ್ರಾರ್ಥಿಸಿ, ತಾಯಿಗಾಗಿ ಪ್ರಾರ್ಥಿಸಿ. ಆದರೆ ನಿಮ್ಮ ಪ್ರಾರ್ಥನೆ ಅವಳ ಬೆನ್ನಿಗೆ ಇನ್ನೊಂದು ಹೊರೆಯಾಗದಿರಲಿ.

ಎರಡನೆಯ ಮಾತು: "ಅವರಿಗೆ ಭಾವನೆಗಳಿಲ್ಲ, ಅವರು ತಮ್ಮದೇ ಲೋಕದಲ್ಲಿರುತ್ತಾರೆ." ಆಟಿಸಂ ಎಂಬ ಪದ ತಾನು ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ತನ್ನೊಳಗೇ ಲೀನವಾದವನು ಎಂದು ಅರ್ಥ. ಹೆಸರೇ ಹೀಗಿರುವುದರಿಂದ ನಾವೂ ಹಾಗೆಯೇ ನಂಬಿಬಿಟ್ಟಿದ್ದೇವೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವವರು. ಅವರು 2012ರಲ್ಲಿ ಒಂದು ಸರಳವಾದ ಪ್ರಶ್ನೆ ಎತ್ತಿದರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎನ್ನುತ್ತೀರಿ, ಸರಿ. ಬೇರೆಯವರಿಗೆ ಅವರ ಮನಸ್ಸು ಅರ್ಥವಾಗುತ್ತದೆಯೇ? ಇಬ್ಬರ ನಡುವೆ ಸೇತುವೆ ಇಲ್ಲದಿದ್ದರೆ ತಪ್ಪು ಒಂದೇ ದಡದ್ದು ಎನ್ನುವುದು ಹೇಗೆ? ಈ ಮಾತನ್ನು ಓದಿದಾಗ ನನಗೆ ಆ ಚಪ್ಪಲಿ ಹಾಕಿಕೊಂಡು ನಿಂತ ಹುಡುಗ ನೆನಪಾದ. ಅವನು ತನ್ನ ಆಸೆಯನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದ. ಓದಲು ಬಾರದವರು ನಾವು.

ಒಬ್ಬ ಯುವಕನ ಮಾತನ್ನು, ಅವನ ಒಪ್ಪಿಗೆ ಪಡೆದೇ, ಇಲ್ಲಿ ಹೇಳುತ್ತೇನೆ. ಕಂಪ್ಯೂಟರ್ ಕಲಿತವನು, ಲೆಕ್ಕದಲ್ಲಿ ಚುರುಕು. ತನಗೆ ಆಟಿಸಂ ಇದೆಯೆಂದು ಅವನಿಗೆ ತಿಳಿದದ್ದು ಇಪ್ಪತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಶಾಲೆಯಲ್ಲಿ ಅವನನ್ನು ಪೆದ್ದ ಎಂದರು, ಊರಿನಲ್ಲಿ ಅಹಂಕಾರಿ ಎಂದರು. ದೊಡ್ಡವರು ಎದುರಾದಾಗ ಮುಖ ನೋಡಿ ನಮಸ್ಕಾರ ಹೇಳುವುದಿಲ್ಲವೆಂದು ಬೈದರು. ಅವನು ನನಗೆ ಹೇಳಿದ: "ಫಾದರ್, ಮುಖ ನೋಡಿದ್ರೆ ಮಾತು ಕೇಳ್ಸಲ್ಲ. ಮಾತು ಕೇಳ್ಬೇಕು ಅಂದ್ರೆ ನೆಲ ನೋಡ್ಬೇಕು. ಮರ್ಯಾದೆ ಇಲ್ಲ ಅಂತಾರೆ. ನಾನು ಮರ್ಯಾದೆಯಿಂದಾನೇ ನೆಲ ನೋಡೋದು." ಕೆಲಸದ ಸಂದರ್ಶನಗಳಲ್ಲಿ ಲಿಖಿತ ಪರೀಕ್ಷೆಯನ್ನೆಲ್ಲ ಗೆದ್ದು, ಮಾತುಕತೆಯಲ್ಲಿ ಸೋತು ಬರುತ್ತಿದ್ದ. ದೇವಾಲಯದಲ್ಲಿ ಅವನು ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂರುತ್ತಾನೆ. ಪೂಜೆಯೆಂದರೆ ಅವನಿಗೆ ಇಷ್ಟ, ಏಕೆಂದರೆ ಮುಂದೆ ಏನು ಬರುತ್ತದೆಂದು ಅವನಿಗೆ ಗೊತ್ತಿರುತ್ತದೆ. ಶಾಂತಿಯನ್ನು ಹಂಚಿಕೊಳ್ಳುವಾಗ ಕೈ ಹಿಡಿದು ಕುಲುಕದೆ ಕೈಮುಗಿಯುವ ನಮ್ಮ ನಾಡಿನ ಪದ್ಧತಿ ತನಗಾಗಿಯೇ ಮಾಡಿದಂತಿದೆ ಎಂದು ನಗುತ್ತಾನೆ. ಅವನು ಕಷ್ಟಪಡುವುದು ಪೂಜೆ ಮುಗಿದ ಮೇಲೆ, ಅಂಗಳದಲ್ಲಿ. ಅಲ್ಲಿ ಎಲ್ಲರೂ ಗುಂಪಾಗಿ ಮಾತನಾಡುತ್ತಾರೆ. ಅವನ ಬಳಿಗೆ ಯಾರೂ ಬರುವುದಿಲ್ಲ. ಇಂಥವನಿಗೆ ಭಾವನೆಗಳಿಲ್ಲ ಎನ್ನುತ್ತೀರಾ?

ಮೂರನೆಯ ಮಾತು: "ಇವರಿಂದ ಏನು ಪ್ರಯೋಜನ?" ಇದರ ಇನ್ನೊಂದು ಮುಖ, "ಇವರೆಲ್ಲ ಅದ್ಭುತ ಪ್ರತಿಭಾವಂತರು" ಎನ್ನುವುದು. 1988ರಲ್ಲಿ ಬಂದ ರೈನ್ ಮ್ಯಾನ್ ಎಂಬ ಇಂಗ್ಲಿಷ್ ಚಲನಚಿತ್ರದ ನಂತರ ಆಟಿಸಂ ಇರುವವರೆಲ್ಲ ಲೆಕ್ಕದ ಮಾಂತ್ರಿಕರು ಎಂಬ ಭ್ರಮೆ ಲೋಕವೆಲ್ಲ ಹರಡಿತು. ಅಂಥ ವಿಶೇಷ ಶಕ್ತಿ ಕೆಲವರಲ್ಲಿ ಮಾತ್ರ ಇರುತ್ತದೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ 1947ರಲ್ಲಿ ಹುಟ್ಟಿದವರು. ಮೂರು ವರ್ಷ ಕಳೆದರೂ ಮಾತು ಬಂದಿರಲಿಲ್ಲ. ಆಶ್ರಮಕ್ಕೆ ಸೇರಿಸಿಬಿಡಿ ಎಂಬ ಸಲಹೆಯನ್ನು ತಾಯಿ ಒಪ್ಪಲಿಲ್ಲ. ಆ ಮಗು ಮುಂದೆ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿಯಾಗಿ, ದನಕರುಗಳನ್ನು ಹಿಂಸೆಯಿಲ್ಲದೆ ನಡೆಸಿಕೊಳ್ಳುವ ವ್ಯವಸ್ಥೆಗಳನ್ನು ರೂಪಿಸಿ ಹೆಸರಾದರು. ನಮ್ಮ ಧರ್ಮಸಭೆಯಲ್ಲೇ ಫಾದರ್ ಮ್ಯಾಥ್ಯೂ ಷ್ನೈಡರ್ ತಮಗೆ ಆಟಿಸಂ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡ ಗುರುಗಳು. ಅಂಥವರ ಪ್ರಾರ್ಥನಾ ಜೀವನಕ್ಕೆ ನೆರವಾಗಲು 2022ರಲ್ಲಿ ಒಂದು ಪುಸ್ತಕವನ್ನೂ ಹೊರತಂದರು. ಇವರನ್ನು ನೆನೆದು ಸಂತೋಷಪಡೋಣ. ಆದರೆ ಒಂದು ಅಕ್ಷರ ಬರೆಯದ, ಒಂದು ಮಾತು ಆಡದ, ಮೂವತ್ತು ವರ್ಷವಾದರೂ ತಾಯಿಯ ಕೈಯಿಂದಲೇ ಊಟ ಮಾಡುವ ಮಗನ ಬೆಲೆ ಇವರಿಗಿಂತ ಒಂದು ಗುಂಜಿಯಷ್ಟೂ ಕಡಿಮೆಯಲ್ಲ.

ಪ್ರಯೋಜನ ಎಂಬ ತಕ್ಕಡಿಯಲ್ಲಿ ಮನುಷ್ಯರನ್ನು ತೂಗಿದರೆ ಏನಾಗುತ್ತದೆ ಎಂಬುದನ್ನು ಲೋಕ ಕಂಡಿದೆ. ಹಿಟ್ಲರನ ಆಡಳಿತದಲ್ಲಿ ವಿಯೆನ್ನಾ ನಗರದ ಷ್ಪೀಗೆಲ್‌ಗ್ರುಂಡ್ ಎಂಬ ಚಿಕಿತ್ಸಾಲಯದಲ್ಲಿ 1940ರಿಂದ 1945ರವರೆಗೆ ಸುಮಾರು 800 ಮಕ್ಕಳು ಸತ್ತರು. ಬಹುತೇಕರು ಅಂಗವಿಕಲರೆಂದೋ ಬುದ್ಧಿ ಬೆಳೆಯದವರೆಂದೋ ಹಣೆಪಟ್ಟಿ ಹಚ್ಚಿಸಿಕೊಂಡವರು, ಸಮಾಜಕ್ಕೆ ಹೊರೆಯೆಂದು ಕೊಲ್ಲಲ್ಪಟ್ಟವರು. ಆಟಿಸಂ ಕುರಿತು 1944ರಲ್ಲೇ ಬರೆದು ಪ್ರಸಿದ್ಧರಾದ ಡಾ. ಹಾನ್ಸ್ ಆಸ್ಪರ್ಗರ್ ಕೂಡ ಕೆಲವು ಮಕ್ಕಳನ್ನು ಅಲ್ಲಿಗೆ ಕಳುಹಿಸಿದ್ದರು ಎನ್ನುವುದನ್ನು 2018ರಲ್ಲಿ ಇತಿಹಾಸಕಾರರು ದಾಖಲೆಗಳಿಂದ ತೋರಿಸಿದರು. ಅದೇ ಕಾಲದಲ್ಲಿ, 1941ರ ಆಗಸ್ಟ್ 3ರಂದು, ಜರ್ಮನಿಯ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಪ್ರಬೋಧನಾ ಪೀಠದಿಂದಲೇ ಈ ಕೊಲೆಗಳನ್ನು ಖಂಡಿಸಿದರು. ದುಡಿಯಲಾರದವನಿಗೆ ಬದುಕುವ ಹಕ್ಕಿಲ್ಲ ಎಂದಾದರೆ ನಾಳೆ ಮುಪ್ಪಿನಲ್ಲಿ ನಮ್ಮೆಲ್ಲರ ಗತಿ ಏನು ಎಂದು ಕೇಳಿದರು. 2005ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ನಾವು ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಇದ್ದೂ ಇಲ್ಲದಂತೆ ಮಾಡುವುದೂ ಒಂದು ರೀತಿಯ ಕೊಲೆಯೇ ಅಲ್ಲವೇ?

ಮನೆ ಆಶೀರ್ವಾದಕ್ಕೆ ಹೋದಾಗ ಎಲ್ಲ ಕೋಣೆಗಳಿಗೂ ತೀರ್ಥ ಪ್ರೋಕ್ಷಿಸುತ್ತೇವೆ. ಕೆಲವು ಮನೆಗಳಲ್ಲಿ ಒಂದು ಕೋಣೆಯ ಬಾಗಿಲು ಮುಚ್ಚಿರುತ್ತದೆ. "ಅಲ್ಲಿ ಬೇಡ ಬಿಡಿ ಫಾದರ್, ಸಾಮಾನು ತುಂಬಿದೆ" ಎನ್ನುತ್ತಾರೆ. ಒಂದು ಮನೆಯಲ್ಲಿ ಆ ಬಾಗಿಲ ಹಿಂದಿನಿಂದ ಯಾರೋ ಗೋಡೆಯನ್ನು ತಾಳಬದ್ಧವಾಗಿ ತಟ್ಟುವ ಸದ್ದು ಕೇಳಿಸಿತು. ಅಕ್ಕನಿಗೆ ಗಂಡು ನೋಡುತ್ತಿದ್ದರು. ತಮ್ಮ ಹೀಗೆಂದು ತಿಳಿದರೆ ಸಂಬಂಧ ತಪ್ಪಿಹೋಗುತ್ತದೆ ಎಂಬ ಭಯ. ಆ ತಂದೆತಾಯಿಯನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ಬಾಗಿಲು ಮುಚ್ಚಿದ್ದು ಅವರ ಕೈಯಾದರೂ ಮುಚ್ಚಿಸಿದ್ದು ನಮ್ಮ ನಾಲಿಗೆ. "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಬೆನ್ನ ಹಿಂದೆ ನಗುವವರು ನಾವೇ. ಹೆಣ್ಣು ಕೇಳಲು ಹೋದಾಗ ಮನೆತನದಲ್ಲಿ ಯಾರಿಗಾದರೂ ಏನಾದರೂ ಇದೆಯೇ ಎಂದು ಪಕ್ಕದ ಮನೆಯಲ್ಲಿ ವಿಚಾರಿಸುವವರೂ ನಾವೇ.

ಪ್ರಿಯರೇ, ಮತ್ತೆ ಶುಭಸಂದೇಶಕ್ಕೆ ಬರೋಣ. ಕಳೆದುಹೋದ ಮಗನನ್ನು ಹುಡುಕುವ ತಾಯಿಯ ಸಂಕಟ ಈ ಮನೆಗಳಿಗೆ ಚೆನ್ನಾಗಿ ಗೊತ್ತು. ಆಟಿಸಂ ಇರುವ ಮಕ್ಕಳು ಹೇಳದೆ ಕೇಳದೆ ಎದ್ದು ಹೊರಟುಬಿಡುವುದುಂಟು. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ಯತ್ನಿಸಿದ್ದರು. ಬಾಗಿಲಿಗೆ ಮೇಲುಚಿಲಕ ಹಾಕಿ, ರಾತ್ರಿ ಅರೆನಿದ್ದೆಯಲ್ಲಿ ಕಳೆಯುವ ತಾಯಂದಿರಿಗೆ ಮರಿಯಮ್ಮನವರ ಆ ಮೂರು ದಿನಗಳು ಕತೆಯಲ್ಲ.

ಮಗ ಸಿಕ್ಕಿದ ಮೇಲೂ ಎಲ್ಲವೂ ತಿಳಿಯಾಗಲಿಲ್ಲ. ಯೇಸು ಹೇಳಿದ ಮಾತು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಅರ್ಥವಾಗದಿದ್ದಾಗ ಮರಿಯಮ್ಮ ಏನು ಮಾಡಿದರು? ಮಗನನ್ನು ಗದರಿಸಿ ತಮ್ಮ ಅಚ್ಚಿಗೆ ಒಗ್ಗಿಸಲಿಲ್ಲ. ನನಗೆ ಅರ್ಥವಾಗದವನು ನನ್ನವನಲ್ಲ ಎನ್ನಲಿಲ್ಲ. ಎಲ್ಲವನ್ನೂ ಹೃದಯದಲ್ಲಿ ಇಟ್ಟುಕೊಂಡು ಮಗನ ಜೊತೆ ಮನೆಗೆ ನಡೆದರು. ಪವಿತ್ರ ಕುಟುಂಬ ಪವಿತ್ರವಾದದ್ದು ಅಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗಿದ್ದರಿಂದ ಅಲ್ಲ. ಅರ್ಥವಾಗದೆಯೂ ಯಾರೂ ಯಾರನ್ನೂ ಬಿಟ್ಟುಕೊಡಲಿಲ್ಲ, ಅದರಿಂದ.

ಆ ಮಗ ಸಿಕ್ಕಿದ್ದು ಎಲ್ಲಿ? ದೇವಾಲಯದಲ್ಲಿ, ತನ್ನ ತಂದೆಯ ಮನೆಯಲ್ಲಿ. ಇಂದು ಮಗುವೊಂದು ಕಾಣೆಯಾದರೆ ಅದು ದೇವಾಲಯದಲ್ಲಿ ಸಿಗಬೇಕು. ದೇವಾಲಯದಿಂದಲೇ ಕಾಣೆಯಾಗುವಂತೆ ನಾವು ಮಾಡಬಾರದು.

2025ರಲ್ಲಿ ಪ್ರಭುವಿನ ಬಳಿ ಸೇರಿದ ಜಗದ್ಗುರು ಫ್ರಾನ್ಸಿಸರು ನಮಗೆ ಇದನ್ನು ನಡೆದು ತೋರಿಸಿದರು. 2014ರ ನವೆಂಬರಿನಲ್ಲಿ ಅವರು ಆಟಿಸಂ ಇರುವವರನ್ನೂ ಅವರ ಕುಟುಂಬಗಳನ್ನೂ ವ್ಯಾಟಿಕನ್ನಿಗೆ ಕರೆಸಿ, ಅವರನ್ನು ಸುತ್ತುವರಿದ ಒಂಟಿತನವನ್ನೂ ಕಳಂಕದ ಭಾವನೆಯನ್ನೂ ಮುರಿಯಬೇಕೆಂದು ಕರೆಕೊಟ್ಟರು. 2018ರ ನವೆಂಬರ್ 28ರಂದು ಅವರ ಸಾರ್ವಜನಿಕ ಭೇಟಿಯ ವೇಳೆ ಒಬ್ಬ ಚಿಕ್ಕ ಹುಡುಗ ವೇದಿಕೆ ಹತ್ತಿ ಓಡಾಡತೊಡಗಿದ. ಕಾವಲುಗಾರನ ಕೈ ಹಿಡಿದೆಳೆದ, ಜಗದ್ಗುರುಗಳ ಆಸನದ ಹಿಂದೆ ಆಡಿದ. ತಾಯಿ ಓಡಿಬಂದು, ಅವನಿಗೆ ಮಾತು ಬಾರದೆಂದು ಹೇಳಿದಳು. ಇರಲಿ ಬಿಡಿ, ಆಡಲಿ ಎಂದರು ಜಗದ್ಗುರುಗಳು. ನೆರೆದವರ ಕಡೆ ತಿರುಗಿ, ಈ ಮಗುವಿಗೆ ಮಾತು ಬರದಿದ್ದರೂ ತನ್ನನ್ನು ತಾನು ತಿಳಿಯಪಡಿಸಲು ಗೊತ್ತು, ದೇವರ ಮುಂದೆ ನಾನು ಇಷ್ಟು ಸ್ವತಂತ್ರನಾಗಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ ಎಂಬ ಅರ್ಥದ ಮಾತನ್ನಾಡಿದರು. ಅದನ್ನು ಓದಿದ ದಿನ ನನ್ನ ನಡುರಾತ್ರಿಯ ಮೈಕು ನೆನಪಾಗಿ ನಾಚಿಕೆಯಾಯಿತು. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶದ ಮಾರ್ಗಸೂಚಿ, ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. "ಇವನಿಗೆ ಮಂತ್ರ ಬಾಯಿಪಾಠ ಬರುವುದಿಲ್ಲ, ಪರಮಪ್ರಸಾದ ಹೇಗೆ ಕೊಡುವುದು?" ಎಂದು ಕೇಳುವವರಿಗೆ ಇದೇ ಉತ್ತರ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆಗಳೇನೂ ಬೇಡ. ಪಕ್ಕದ ಬಾಗಿಲಿನ ಹತ್ತಿರದ ಎರಡು ಬೆಂಚುಗಳನ್ನು ಇಂಥ ಕುಟುಂಬಗಳಿಗೆ ಬಿಡೋಣ. ಬೇಕೆನಿಸಿದಾಗ ಹೊರಹೋಗಿ, ಮತ್ತೆ ಒಳಬರಲು ಅವರಿಗೆ ಅನುಕೂಲವಾಗುತ್ತದೆ. ಮೈಕಿನ ಸದ್ದು ತಗ್ಗಿಸೋಣ. ಹಬ್ಬದ ಪಟಾಕಿ, ಬ್ಯಾಂಡು ಎಷ್ಟು ಹೊತ್ತಿಗೆಂದು ಮೊದಲೇ ತಿಳಿಸೋಣ. ಮಗು ಕೂಗಿದರೆ ತಿರುಗಿ ನೋಡದಿರೋಣ. ಅದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ ಎಂದು ಒಬ್ಬ ತಂದೆ ನನಗೆ ಹೇಳಿದ್ದಾರೆ. ಧರ್ಮೋಪದೇಶದ ಶಿಕ್ಷಕರು ಚಿತ್ರಗಳನ್ನು ತೋರಿಸಿ, ಒಂದೇ ಕ್ರಮದಲ್ಲಿ, ನಿಧಾನವಾಗಿ ಕಲಿಸಲಿ. ಮಗನ ಹುಟ್ಟುಹಬ್ಬಕ್ಕೆ ತರಗತಿಯ ಎಲ್ಲರನ್ನೂ ಕರೆದು ಒಬ್ಬನನ್ನು ಬಿಡುವ ಮನೆ ನಮ್ಮದಾಗದಿರಲಿ. ಆ ಯುವಕನಂಥವರು ಅಂಗಳದಲ್ಲಿ ಒಂಟಿಯಾಗಿ ನಿಂತಿದ್ದರೆ ಹತ್ತಿರ ಹೋಗಿ ಎರಡು ಮಾತಾಡಿ. ಅವರು ನೆಲ ನೋಡಿದರೆ ನೋಡಲಿ, ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿಯಿರಿ. ಕೆಲಸ ಕೊಡುವ ಸ್ಥಾನದಲ್ಲಿರುವವರು ಮಾತಿನ ಚಾತುರ್ಯ ನೋಡದೆ ಕೈಕೆಲಸವನ್ನು ನೋಡಿ ಕೊಡಿ.

ತಂದೆತಾಯಿಯರಿಗೂ ಒಂದು ಮಾತು. ಮಗು ಎರಡು ವರ್ಷವಾದರೂ ಕರೆದರೆ ತಿರುಗದಿದ್ದರೆ, ಬೇಕಾದುದನ್ನು ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ಹಿಂದೆ ಹೋದರೆ ಜನರ ಮಾತಿಗೆ ಹೆದರಿ ಕಾಯಬೇಡಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಬೇಗ ಗುರುತಿಸಿದಷ್ಟೂ ಮಗುವಿಗೆ ಸಹಾಯ. ಗುಣಪಡಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಡಿ. ಇದು ಮದ್ದಿನಿಂದ ಹೋಗುವ ಕಾಯಿಲೆಯಲ್ಲ. ನಮ್ಮ ದೇಶದ 1995ರ ಕಾಯ್ದೆಯ ಏಳು ವಿಕಲತೆಗಳ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವಿಕಲತೆಗಳಲ್ಲಿ ಅದನ್ನೂ ಸೇರಿಸಿತು. ಸರ್ಕಾರದ ಮತ್ತು ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಆ ಕಾಯ್ದೆ ಹೇಳುತ್ತದೆ. ಅದು ಯಾರೋ ತೋರುವ ಕರುಣೆಯಲ್ಲ, ನಿಮ್ಮ ಮಗುವಿನ ಹಕ್ಕು. ನಮ್ಮ ಕ್ರೈಸ್ತ ಶಾಲೆಗಳು ಈ ಹಕ್ಕನ್ನು ಗೌರವಿಸುವುದರಲ್ಲಿ ಎಲ್ಲರಿಗಿಂತ ಮುಂದಿರಬೇಡವೇ?

ಕೊನೆಯದಾಗಿ, ಆ ಹುಡುಗನ ವಿಷಯ. ನಾನು ಅವರ ಮನೆಯಲ್ಲೇ ಕ್ಷಮೆ ಕೇಳಿದೆ. ಮುಂದಿನ ಭಾನುವಾರ ಗಂಟೆ ಬಾರಿಸಿದಾಗ ಅವನು ಚಪ್ಪಲಿ ಹಾಕಿಕೊಂಡು ನಿಂತ, ಈ ಸಲ ಮನೆಯವರೂ ಹೊರಟರು. ಅದರಿಂದ ಎಲ್ಲವೂ ಸುಗಮವಾಯಿತೆಂದು ಹೇಳಲಾರೆ. ಅವನು ಕೂಗಿದ ಭಾನುವಾರಗಳಿವೆ. ಒಮ್ಮೆ ಓಡಿಬಂದು ಬಲಿಪೀಠದ ಮೇಣದ ಬತ್ತಿಯನ್ನು ಊದಿ ಆರಿಸಿಬಿಟ್ಟ. ಪೂಜೆಯ ಘನತೆ ಹಾಳಾಗುತ್ತಿದೆ ಎಂದು ಕೆಲವರು ನನ್ನ ಬಳಿ ದೂರಿದರು. ಒಂದು ಕುಟುಂಬ ಬೇರೆ ದೇವಾಲಯಕ್ಕೆ ಹೋಗತೊಡಗಿತು. ಒಬ್ಬ ಸಿಸ್ಟರ್ ಐದು ತಿಂಗಳು ಅವನ ಮನೆಗೆ ಹೋಗಿ, ಬರೀ ಅಪ್ಪವನ್ನು ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿದರು. ಮೊದಮೊದಲು ಅದರ ರುಚಿ ಒಗ್ಗದೆ ಉಗಿಯುತ್ತಿದ್ದ. ಕೊನೆಗೆ ಅವನು ಪ್ರಥಮ ಪರಮಪ್ರಸಾದ ಸ್ವೀಕರಿಸಿದ ದಿನ, ಬಿಳಿ ಅಂಗಿ ಚುಚ್ಚುತ್ತದೆಂದು ತನ್ನ ಹಳೆಯ ನೀಲಿ ಅಂಗಿಯಲ್ಲೇ ಬಂದಿದ್ದ. ಆಮೆನ್ ಹೇಳಲಿಲ್ಲ. ಬಾಯಿ ತೆರೆದ, ಅಷ್ಟೇ. ಅವನ ತಂಗಿ ಪಕ್ಕದಲ್ಲಿ ನಿಂತು ಅವನ ಪರವಾಗಿ ಆಮೆನ್ ಎಂದಳು.

ಪ್ರಿಯರೇ, ಮಾತಾಡಲಾರದ ಒಬ್ಬರ ಪರವಾಗಿ ಇನ್ನೊಬ್ಬರು ಆಮೆನ್ ಹೇಳುವುದು, ಇದೇ ಕುಟುಂಬ. ಇದೇ ಧರ್ಮಸಭೆ. ಇಂದು ಮನೆಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ನಿಂತು ಎಣಿಸಿ ನೋಡಿ. ನಮ್ಮ ಬೀದಿಯಲ್ಲಿ, ನಮ್ಮ ನೆಂಟರಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ ಯಾರು ಕಾಣುತ್ತಿಲ್ಲ? ಗುಂಪಿನಲ್ಲೇ ಇದ್ದಾರೆಂದು ಭಾವಿಸಿ ಮುಂದೆ ನಡೆಯಬೇಡಿ. ಮರಿಯಮ್ಮ ಮತ್ತು ಜೋಸೆಫರಂತೆ ಹಿಂದಿರುಗಿ ಹುಡುಕಿ. ಈ ವಾರವೇ ಒಂದು ಬಾಗಿಲು ತಟ್ಟಿ ಹೇಳಿ, "ಬನ್ನಿ, ಭಾನುವಾರ ಒಟ್ಟಿಗೆ ಹೋಗೋಣ."

ಎಲ್ಲ ಮಕ್ಕಳನ್ನೂ ಹೆಸರು ಹಿಡಿದು ಬಲ್ಲ ಪಿತದೇವರೇ, ಮಾತು ಬಾರದ ಮಕ್ಕಳ ಪ್ರಾರ್ಥನೆಯನ್ನು ನೀವು ಕೇಳುತ್ತೀರಿ. ನಮಗೂ ಕೇಳುವ ಕಿವಿ ಕೊಡಿ. ದಣಿದ ತಾಯಂದಿರಿಗೆ ಬಲ ಕೊಡಿ. ಮುಚ್ಚಿದ ಬಾಗಿಲುಗಳನ್ನು ತೆರೆಯುವ ಧೈರ್ಯವನ್ನು ಅವರಿಗೆ ಕೊಡಿ, ತೆರೆದಾಗ ನಗದಿರುವ ಬುದ್ಧಿಯನ್ನು ನಮಗೆ ಕೊಡಿ. ಪವಿತ್ರ ಕುಟುಂಬದ ಆಶ್ರಯದಲ್ಲಿ ನಮ್ಮ ಎಲ್ಲ ಕುಟುಂಬಗಳನ್ನೂ ಕಾಪಾಡಿ. ಆಮೆನ್.